ನೆವವಿಲ್ಲದ ಒಲ್ಲೆ

ಊಟಕ್ಕೆ ಕುಳಿತವರು 'ಸಾಕು' ಅಂದರೆ ನಮ್ಮ ಕಡೆ ಇನ್ನೊಂದು ಹೋಳಿಗೆ ಬೀಳುತ್ತದೆ. 'ಬ್ಯಾಡ' ಅಂದರೆ ಅರ್ಧ ಬೀಳುತ್ತದೆ. ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರೆ ಮಾತ್ರ ಬಡಿಸುವವಳು ಒಂದು ಗಳಿಗೆ ನಿಲ್ಲುತ್ತಾಳೆ. ಅದೂ ಯಾವ ಬೆರಳಿನ ಸಂದಿಯಿಂದ ತುಪ್ಪ ಬಿಡಬಹುದು ಎಂದು ನೋಡುವುದಕ್ಕೆ. ನನ್ನ ಅಳಿಯ ಲಗ್ನವಾದ ಹೊಸದರಲ್ಲಿ ನಿಜವಾಗಿಯೂ ಹೊಟ್ಟೆ ತುಂಬಿ 'ಸಾಕು' ಅಂದಿದ್ದ. ಆ ಸಂಜೆ ಬಸ್ಸು ಹತ್ತಲಾರದೆ ಆ ಮನುಷ್ಯ ನಮ್ಮ ಪಡಸಾಲೆಯಲ್ಲಿ ಅಂಗಾತ ಬಿದ್ದುಕೊಂಡದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಅವನಿಗೆ ಬರುವುದಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಶಬ್ದಗಳ ಮೂಲ, ಧಾತು ಎಲ್ಲ ಓದಿದವರಿಗೆ ಇರಲಿ. ಕಿವಿ ತೆರೆದುಕೊಂಡು ಬದುಕಿದವಳಿಗೆ ತಿಳಿದದ್ದು ಇಷ್ಟೇ: ನಿರಾಕರಣೆಗೆ ನಮ್ಮಲ್ಲಿ ಇರುವಷ್ಟು ಮಾತು ಒಪ್ಪಿಗೆಗೆ ಇಲ್ಲ, ಮತ್ತು ಆ ಮಾತುಗಳಲ್ಲಿ ಒಂದೂ ನೆಟ್ಟಗಿಲ್ಲ. ಬೈಲಹೊಂಗಲದ ಅರಿವೆ ಅಂಗಡಿಯವನು 'ಆ ಬಣ್ಣದ್ದು ಸೋಮವಾರ ಬರತೈತ್ರಿ' ಅಂದರೆ, ಆ ಬಣ್ಣವನ್ನು ಅವನು ಹುಟ್ಟಿದಾಗಿನಿಂದ ಕಂಡಿಲ್ಲ ಎಂದು ನೀವೇ ತಿಳಿದುಕೊಳ್ಳಬೇಕು. ಹೆಪ್ಪಿಗೆ ಒಂದು ಚಮಚೆ ಮೊಸರು ಕೇಳಲು ಹೋದರೆ ಬಾಜೂ ಮನೆಯವಳು ಇಲ್ಲವೆನ್ನುವುದಿಲ್ಲ, 'ಈಗರ ಹಾಲು ಕಾಸಾಕ ಇಟ್ಟೇನ್ರಿ' ಅನ್ನುತ್ತಾಳೆ. ಖಡಾಖಂಡಿತವಾಗಿ 'ಜಾಗಾ ಇಲ್ಲ' ಎನ್ನುವ ಪುಣ್ಯಾತ್ಮ ಸವದತ್ತಿ ಬಸ್ಸಿನ ಕಂಡಕ್ಟರ್ ಒಬ್ಬನೇ. ಅವನೂ ಹಾಗೆ ಅನ್ನುತ್ತಲೇ ಇನ್ನಿಬ್ಬರನ್ನು ಒಳಗೆ ನೂಕುತ್ತಾನೆ.

ಈ ವಿದ್ಯೆಯೆಲ್ಲ ಪರಿಪೂರ್ಣವಾಗಿ ಪ್ರಕಟವಾಗುವುದು ಹೆಣ್ಣು ಕೇಳಲು ಬಂದವರ ಮುಂದೆ. ಬಂದ ಮನೆತನ ಮನಸ್ಸಿಗೆ ಬರಲಿಲ್ಲವೆಂದರೆ 'ಬೆಡಗು ಒಂದ ಬಿದ್ದಾವ್ರಿ' ಅನ್ನುತ್ತಾರೆ. ಒಂದೇ ಬೆಡಗಿನವರು, ಅಂದರೆ ಒಂದೇ ಕುಲದ ಬಳ್ಳಿಯವರು, ಅಣ್ಣ-ತಂಗಿಯಾದ್ದರಿಂದ ಮುಂದೆ ಮಾತೇ ಇಲ್ಲ. ಅದು ನಡೆಯದಿದ್ದರೆ 'ನಮ್ಮ ಹಿರೇರು ಊರಾಗ ಇಲ್ರಿ.' ಅದೂ ನಡೆಯದಿದ್ದರೆ ಎಲ್ಲಕ್ಕಿಂತ ಸುರಕ್ಷಿತವಾದ ಮಾತೊಂದಿದೆ: 'ಈ ವರ್ಷ ಮಾಡಂಗಿಲ್ರಿ.' ಕೇಳಿದವರು ಅರ್ಥ ಮಾಡಿಕೊಂಡು, ಅವಮಾನವಿಲ್ಲದೆ ಎದ್ದು ಹೋಗುತ್ತಾರೆ. ಹೋಗಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ರಾಮದುರ್ಗದ ಗಂಗಮ್ಮನವರು ಹೋಗಲಿಲ್ಲ. ಎದ್ದು ಹೋದರು ನಿಜ, ಆದರೆ ಮಾತನ್ನು ಇದ್ದ ಹಾಗೇ ನಂಬಿಕೊಂಡು ಹೋದರು. ನನ್ನ ಕಿರಿಯ ಮಗ ಶಿವಪ್ಪನ ಮಗಳು ಸುಮಿತ್ರಾಳನ್ನು ತಮ್ಮ ಮಗನಿಗೆ ಕೇಳಿದ್ದರು. ಹೊಳೆದಂಡೆಯ ಹೊಲ, ದುಡಿಯುವ ಹುಡುಗ, ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ಆದರೆ ಹುಡುಗಿ ತಾಯಿಯ ಹತ್ತಿರ ಅತ್ತು, ಒಲ್ಲೆ ಅಂದಿದ್ದಳು. ಶಿವಪ್ಪ ಅದನ್ನು ಹೊರಗೆ ತರುವಾಗ 'ಈ ವರ್ಷ ಮಾಡಂಗಿಲ್ರಿ' ಎಂದು ಮಾಡಿ ತಂದ.

ಮರುವರ್ಷ ದೀಪಾವಳಿ ಮುಗಿದದ್ದೇ ತಡ, ಗಂಗಮ್ಮನವರು ಸೀರೆ, ತೆಂಗಿನಕಾಯಿ, ಸಕ್ಕರೆಯ ಪುಡಿಕೆ ಕಟ್ಟಿಕೊಂಡು, ಜೊತೆಗೆ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದೇಬಿಟ್ಟರು. ಆ ಸಕ್ಕರೆ ಹುಡುಗಿಯ ಬಾಯಿಗೆ ಬಿದ್ದರೆ ಲಗ್ನ ಗಟ್ಟಿಯಾದ ಹಾಗೆ. ಆಮೇಲೆ ಮಾತು ಮುರಿದರೆ ಹೆಣ್ಣಿನ ಹೆಸರು ಕೆಡುತ್ತದೆ.

"ವರ್ಷ ಮುಗೀತಲ್ರಿ," ಅಂದರು ಗಂಗಮ್ಮನವರು, ಕಂಬಳಿಯ ಮೇಲೆ ಚೊಕ್ಕವಾಗಿ ಕುಳಿತು. "ಬಂದ ನೆಂಟಸ್ತಾನ ಎಲ್ಲಾ ತಿರುಗಿಸಿ, ನಿಮ್ಮ ಮಾತಿನ ಮ್ಯಾಲೆ ಕುಂತೇವಿ."

ಶಿವಪ್ಪ ಬೆವರು ಒರೆಸಿಕೊಂಡ. "ಬೆಡಗಿಂದು ಒಂದು ಸಲ ಕೇಳಿ..."

"ಅದನ್ನ ಹ್ವಾದ ವರ್ಷನ ನೋಡೇವಲ್ರಿ. ನಿಮ್ದ ಬ್ಯಾರೆ, ನಮ್ದ ಬ್ಯಾರೆ."

"ಹಂಗಲ್ರಿ, ನಮ್ಮ ಅಣ್ಣ ಊರಾಗ ಇಲ್ಲ..."

ಅವನ ಅಣ್ಣ ಅವನ ಮಗ್ಗುಲಲ್ಲೇ ಕುಳಿತು ಸೂಸಲ ತಿನ್ನುತ್ತಿದ್ದ. ಪಾಪ, ತಾನು ಊರಲ್ಲಿ ಇಲ್ಲವೆಂದು ಕೇಳಿ ಚುರುಮುರಿ ನೆತ್ತಿಗೇರಿ ಕೆಮ್ಮಿದ.

ಇನ್ನು ನನ್ನ ಪ್ರತಾಪ. ಕಿತ್ತೂರು ತವರಿನವಳು, ಬಾಯಿ ಬಡಿಗಿಯಂಥದ್ದು ಎಂದು ಓಣಿಯಲ್ಲಿ ನನಗೆ ಹೆಸರು. ಸಂತೆಯಲ್ಲಿ ಬದನೆಕಾಯಿಯವನು ನನ್ನನ್ನು ಕಂಡರೆ ಹುಳುಕು ಕಾಯಿ ತಾನೇ ತೆಗೆದಿಡುತ್ತಾನೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ, "ಚಾ ತೊಗೋರಿ" ಅಂದೆ.

ನೆವಗಳೆಲ್ಲ ಖರ್ಚಾಗಿದ್ದವು. ಗಂಗಮ್ಮನವರು ಪುಡಿಕೆ ಬಿಚ್ಚಿ, ತಾಟಿನಲ್ಲಿ ಸಕ್ಕರೆ ಸುರುವಿ, "ಕೂಸಿನ್ನ ಕರೀರಿ" ಅಂದರು. ಶಿವಪ್ಪ ನೆಲ ನೋಡುತ್ತ ಹೂಂ ಎಂದು ತಲೆಯಾಡಿಸಿದ. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಸುಮಿತ್ರಾಳ ತಾಯಿಯಾದ ನನ್ನ ಸೊಸೆಯ ಬಳೆಗಳ ಸಪ್ಪಳವೂ ನಿಂತಿತು.

ಸುಮಿತ್ರಾ ಚಹಾದ ತಾಟು ಹಿಡಿದು ಬಂದಳು. ಇಳಿಸಿದಳು. ಕುಳಿತುಕೊಳ್ಳಲಿಲ್ಲ. 'ಅತ್ತಿ' ಎನ್ನಬೇಕಾದವರಿಗೆ ಕೈ ಮುಗಿದು, "ಅಮ್ಮಾರ, ನಾ ಒಲ್ಲೆರಿ" ಅಂದಳು.

"ಏನ ಒಲ್ಲೀವಾ? ಸಕ್ಕರೀನ?"

"ಲಗ್ನರಿ."

"ನನ್ನ ಮಗಗ ಏನ ಕಡಿಮಿ ಆಗೇತಿ?"

"ಏನೂ ಕಡಿಮಿ ಇಲ್ರಿ. ನನಗ ಮನಸ್ಸಿಲ್ಲ."

"ಇನ್ನೊಂದು ವರ್ಷ ಬಿಟ್ರ?"

"ಆವಾಗೂ ಒಲ್ಲೆರಿ. ನನ್ನ ಹಾದಿ ಕಾಯಬ್ಯಾಡ್ರಿ."

ಧ್ವನಿ ಏರಿರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದವಳು; ಆ ಪಡಸಾಲೆಯಲ್ಲಿ ನೆಂಟಸ್ತಿಕೆ, ಹೊಲಮನೆಯ ವಾಟಣಿ, ಜಗಳ, ರಾಜಿ ಎಲ್ಲವನ್ನೂ ಕೇಳಿದವಳು. ಒಂದು ಹೆಣ್ಣು, ತಂದೆಯ ಮುಂದೆ, ಬಂದವರ ಮುಂದೆ, ಯಾರಲ್ಲೂ ದೋಷ ತೋರಿಸದೆ, ಒಂದು ನೆವವನ್ನೂ ಮುಂದಿಟ್ಟುಕೊಳ್ಳದೆ, ಬರೀ ತನ್ನ ಮನಸ್ಸನ್ನೇ ಕಾರಣವಾಗಿ ನಿಲ್ಲಿಸಿದ್ದನ್ನು ಅಲ್ಲಿ ನಾನು ಕೇಳಿರಲಿಲ್ಲ. ಅಲ್ಲಿ ಅಷ್ಟೇ ಏಕೆ, ಎಲ್ಲೂ ಕೇಳಿರಲಿಲ್ಲ. ನನಗೆ ಮೈ ಮೇಲೆ ಮುಳ್ಳೆದ್ದಿತು. ಮೊಮ್ಮಗಳೆಂಬ ಹೆಮ್ಮೆಯೇನಲ್ಲ ಅದು. ಮಳೆಗಾಲದಲ್ಲಿ ತುಂಬಿದ ಮಲಪ್ರಭೆಯ ದಂಡೆಯಲ್ಲಿ ನಿಂತಾಗ ಆಗುತ್ತದಲ್ಲ, ಅಂಥ ಬೆರಗು. ಒಂದು ಹೆಜ್ಜೆ ಹಿಂದೆ ಸರಿಯಬೇಕು ಅನ್ನಿಸುವಂಥದ್ದು.

ಗಂಗಮ್ಮನವರು ಸಕ್ಕರೆಯ ತಾಟನ್ನು ಬದಿಗೆ ಸರಿಸಿದರು. ಆಮೇಲೆ ಶಿವಪ್ಪನ ಕಡೆ ತಿರುಗಿದರು.

"ಯಪ್ಪಾ, ಇದನ್ನ ಹ್ವಾದ ವರ್ಷ ಹೇಳಾಕ ನಿನ್ನ ಬಾಯಾಗ ಏನ ಇಟಗೊಂಡಿದ್ದಿ? ನನ್ನ ಮಗ ಲಗ್ನದ ಅಂಗಿ ಹೊಲಿಸ್ಕೊಂಡು ಕುಂತಾನ. ಈಗ ಅದು ಹೊಟ್ಟಿಗೆ ಬಿಗಿ ಆಗೇತಿ."

ಮಾತು ಮುರಿದ ಮನೆಯಲ್ಲಿ ನೀರು ಸಹ ಮುಟ್ಟದೆ ಎದ್ದು ಹೋಗುವುದು ನಮ್ಮ ಕಡೆಯ ರೀತಿ. ಜೊತೆಗೆ ಬಂದ ಹಿರಿಯರು ಆಗಲೇ ಟೊಪ್ಪಿಗೆ ಸರಿಮಾಡಿಕೊಂಡಿದ್ದರು. ಆದರೆ ಗಂಗಮ್ಮನವರು ಸೂಸಲದ ತಾಟು ಹತ್ತಿರ ಎಳೆದುಕೊಂಡರು.

"ಕುಂತ್ಕೋರಿ," ಅಂದರು ಅವರಿಗೆ. "ಸುಳ್ಳು ಹೇಳಿದ್ದಕ್ಕ ಹ್ವಾದ ವರ್ಷ ಉಪ್ಪಿಟ್ಟು ತಿಂದು ಹೋಗೇವಿ. ಇವತ್ತು ಹುಡಿಗಿ ಖರೆ ಹೇಳೇತಿ, ಉಪಾಸ ಹೋಗೂಣೇನು?" ಆಮೇಲೆ ಒಳಗೆ ಕೇಳುವ ಹಾಗೆ, "ಮೆಣಸಿನಕಾಯಿ ಭಜಿ ಅದಾವೇನವಾ ಇನ್ನೊಂದೆರಡು?"

ಕಲಸಿದ ಹಿಟ್ಟು ಇತ್ತು. ಸೊಸೆ ಅಳುತ್ತಲೇ ಕರಿದು ತಂದಳು.

ತಿಂದಾದ ಮೇಲೆ ಗಂಗಮ್ಮನವರು ತಾಟಿನ ಸಕ್ಕರೆಯನ್ನು ಒಂದು ಹರಳೂ ಚೆಲ್ಲದ ಹಾಗೆ ಪುಡಿಕೆಗೆ ತುಂಬಿಕೊಂಡರು. "ಬ್ಯಾರೆ ಮನಿಗೆ ಬೇಕಾಗತೈತಿ" ಅಂದರು. ನಾವೆಲ್ಲ ಕಳಿಸಲು ಬಾಗಿಲ ತನಕ ಹೋದೆವು. ಹೋಗುವವರಿಗೆ ಮತ್ತೆ ಬನ್ನಿ ಎನ್ನುವುದು, ಅವರು ಬರುತ್ತೇವೆ ಎನ್ನುವುದು, ಉಸಿರಾಟದಷ್ಟು ರೂಢಿ. ಶಿವಪ್ಪನ ಬಾಯಿಂದಲೂ ತಾನಾಗಿಯೇ ಬಂತು: "ಮತ್ತ ಬರ್ರಿ, ಅಮ್ಮಾರ."

ಗಂಗಮ್ಮನವರು ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು. ಸುಮಿತ್ರಾಳ ಮುಖ ನೋಡಿದರು. ಹೊಸ ಹಣ್ಣೊಂದನ್ನು ಮೊದಲ ಸಲ ಕಚ್ಚುವವರ ಹಾಗೆ ನಾಲಗೆಯ ಮೇಲೆ ಸ್ವಲ್ಪ ಇಟ್ಟುಕೊಂಡು, ಅಂದರು:

"ಒಲ್ಲೆಪಾ."

ಅಂದವರೇ, ತಮಗೇ ನಂಬಿಕೆಯಾಗದ ಹಾಗೆ ಒಂದು ಕ್ಷಣ ನಿಂತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯಾಗದವರೂ ಸೊಸೆಯಾಗದವಳೂ ಹೊಸ್ತಿಲ ಆಚೆ ಈಚೆ ನಿಂತು ನಗುತ್ತಲೇ ಇದ್ದರು, ಬಸ್ಸಿಗೆ ಹೊತ್ತಾಯಿತೆಂದು ಹಿರಿಯರು ಕೂಗುವ ತನಕ.