ಬಾಳೆನಾರಿನ ಲೇಸು

ನನಗೆ ಟ್ಯಾಟಿಂಗ್ ಹುಚ್ಚು ಹಿಡಿದದ್ದು ಶಾಲೆಯ ಹೊಲಿಗೆ ತರಗತಿಯಲ್ಲಿ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ, ದೋಣಿಯಾಕಾರದ ಶಟಲ್ಲಿಗೆ ದಾರ ಸುತ್ತಿಕೊಂಡು, ಎಡಗೈ ಬೆರಳುಗಳ ಮೇಲೆ ಗಂಟಿನ ಪಕ್ಕ ಗಂಟು ಹಾಕುತ್ತಾ ಹೋದರೆ ಉಂಗುರದಂಥ ಲೇಸು ಹುಟ್ಟುತ್ತದೆ. ಮದುವೆಯಾಗಿ ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಗೆ ಬಂದಾಗ ಶಟಲ್ಲೂ ನನ್ನ ಜೊತೆ ಬಂತು. ಅತ್ತೆಗೆ ಅದನ್ನು ಕಂಡರಾಗುತ್ತಿರಲಿಲ್ಲ.

"ದಾರ ಗಂಟು ಬಿದ್ರೆ ನಾವೆಲ್ಲ ಬಿಡಿಸ್ತೀವಿ. ನೀನು ಕೂತ್ಕೊಂಡು ಹಾಕ್ತೀಯಲ್ಲೇ!" ಎನ್ನುತ್ತಿದ್ದರು.

ತೊಂಬತ್ತರ ದಶಕದ ಆ ದಿನಗಳಲ್ಲಿ ನನಗಿದ್ದ ಆಸೆ ಒಂದೇ, ಅತ್ತೆಯ ಬಾಯಿಂದ ನನ್ನ ಲೇಸಿನ ಬಗ್ಗೆ ಒಂದು ಒಳ್ಳೆಯ ಮಾತು. ಬಿಳಿ ದಾರಕ್ಕೆ ಅವರು ಜಗ್ಗಲಿಲ್ಲವೆಂದು ಕೈಗೆ ಸಿಕ್ಕಿದ್ದರಲ್ಲೆಲ್ಲ ಹೆಣೆದೆ. ಗೋಣಿಚೀಲದ ದಾರದಲ್ಲಿ ಅವರ ರವಿಕೆಯ ತೋಳಿಗೆ ಅಂಚು ಮಾಡಿಕೊಟ್ಟೆ, ಮಧ್ಯಾಹ್ನವೆಲ್ಲ ಕೆರೆದುಕೊಂಡರು. ಕೆಟ್ಟುಹೋದ ಕ್ಯಾಸೆಟ್ಟಿನ ಟೇಪು ಬಿಚ್ಚಿ ಟೀವಿಗೊಂದು ಹೊದಿಕೆ ಮಾಡಿದೆ. ಫ್ಯಾನ್ ಹಾಕಿದಾಗಲೆಲ್ಲ ಅದು ಸರಸರ ಎನ್ನುತ್ತಿತ್ತು. ಇಲಿ ಬಂದಿದೆ ಎಂದು ಅತ್ತೆ ಬೋನು ಇಟ್ಟರು.

ಆಮೇಲೆ ನನ್ನ ಕಣ್ಣು ಬಿದ್ದದ್ದು ಹೂ ಕಟ್ಟಲು ತಂದಿಟ್ಟಿದ್ದ ಬಾಳೆನಾರಿನ ಮೇಲೆ. ನೀರಿನಲ್ಲಿ ನೆನೆಸಿ, ಎಳೆಎಳೆಯಾಗಿ ಸೀಳಿ, ತುದಿಗೆ ತುದಿ ಗಂಟು ಹಾಕಿ ಉದ್ದ ಮಾಡಿಕೊಂಡೆ. ಅದು ಶಟಲ್ಲಿನಿಂದ ಹೊರಗೆ ಬಾರದೆ ಮುಷ್ಕರ ಹೂಡಿತು. ಬೈದು ಬೈದು ಎಳೆದೆ. ಕೊನೆಗೂ ಒಂದೊಂದೇ ಬಿಲ್ಲೆ ತಯಾರಾಯಿತು. ನಡುವೆ ಉಂಗುರ, ಸುತ್ತ ಎಸಳು, ಅಂಚಿಗೆಲ್ಲ ಪುಟಾಣಿ ಕುಣಿಕೆ. ಒಣಗಿದರೆ ಮುದುಡುತ್ತವೆ ಎಂದು ಗಟ್ಟಿ ಅಕ್ಕಿಗಂಜಿಯಲ್ಲಿ ಅದ್ದಿ ತಾರಸಿಯ ಮೇಲೆ ಬಿಸಿಲಿಗೆ ಹರಡಿದೆ. ಎಲ್ಲವನ್ನೂ ಸೇರಿಸಿ ಮೇಜಿಗೊಂದು ಹಾಸು ಮಾಡಿ, ಮಹಿಳಾ ಸಮಾಜದ ಪ್ರದರ್ಶನಕ್ಕಿಟ್ಟು, ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಬೇಕೆಂಬುದು ನನ್ನ ಲೆಕ್ಕಾಚಾರ.

ಪಕ್ಕದಲ್ಲೇ ಹಳೇ ಪಂಚೆಯ ಮೇಲೆ, ಚಕ್ಕುಲಿ ಒರಳಿನಲ್ಲಿ ಒತ್ತಿದ ಅತ್ತೆಯ ಅಕ್ಕಿ ಸಂಡಿಗೆ ಒಣಗುತ್ತಿತ್ತು. ಕಾಗೆ ಬಾರದಿರಲೆಂದು ಅವರು ಅದರ ಬಳಿ ಕಪ್ಪು ಕೊಡೆ ಬಿಚ್ಚಿಟ್ಟಿದ್ದರು. ನನ್ನ ಬಿಲ್ಲೆಗಳ ಕಡೆಗೂ ಕೊಡೆ ಸ್ವಲ್ಪ ಸರಿಸಲೇ ಎಂದು ಕೇಳಿದೆ.

"ಅದನ್ನ ಯಾವ ಕಾಗೆ ಮುಟ್ಟುತ್ತೆ ಬಿಡು," ಎಂದರು.

ಮಾರನೆಯ ದಿನ ಜಯಲಕ್ಷ್ಮಿಪುರಂನಿಂದ ಅತ್ತೆಯ ಅಕ್ಕ ಊಟಕ್ಕೆ ಬಂದರು. ಈ ದೊಡ್ಡಮ್ಮ ಬರುತ್ತಿದ್ದದ್ದೇ ತಂಗಿಯ ಅಡುಗೆಯಲ್ಲಿ ಹುಳುಕು ಹುಡುಕುವುದಕ್ಕೆ. ನಾನು ಹುಳಿ ಬಡಿಸಿ ತಿರುಗಿ ನೋಡಿದರೆ ಅವರ ಎಲೆಯ ಮೇಲೆ ನನ್ನ ಲೇಸು! ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿದು, ಕುಣಿಕೆ ಸಮೇತ ಗರಿಗರಿಯಾಗಿ ಕೂತಿತ್ತು. ಗಂಜಿ ಕುಡಿದು ಒಣಗಿದ ಮೇಲೆ ಬಿಲ್ಲೆಯೂ ಸಂಡಿಗೆಯೂ ಒಂದೇ ಥರ ಬಿಳಿಚಿಕೊಂಡಿದ್ದವು. ಅತ್ತೆ ಕನ್ನಡಕವಿಲ್ಲದೆ ತಾರಸಿ ಹತ್ತಿ, ಎರಡನ್ನೂ ಬಾಚಿ ಡಬ್ಬಕ್ಕೆ ತುಂಬಿಕೊಂಡಿದ್ದರು.

ದೊಡ್ಡಮ್ಮ ಕಟಕಟ ಕಡಿದರು, ಜಗಿದರು, ಜಗಿಯುತ್ತಲೇ ಇದ್ದರು. ನನ್ನ ಗಂಡ ತಲೆ ಎತ್ತದೆ ಎರಡನೆಯದಕ್ಕೆ ಕೈ ಹಾಕಿದರು. ಅವರಿಗೆ ಬಾಗಿಲ ಚಿಲಕ ಕರಿದು ಹಾಕಿದರೂ ನಡೆಯುತ್ತದೆ.

"ಉಪ್ಪೇ ಇಲ್ವಲ್ಲೇ ಇದಕ್ಕೆ," ಎಂದರು ದೊಡ್ಡಮ್ಮ. "ನಾರು ಬೇರೆ." ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಆದ್ರೆ ಏನ್ ಡಿಸೈನೇ ಇದು! ಈ ಅಚ್ಚು ಎಲ್ಲಿ ಸಿಕ್ತು ನಿಂಗೆ?"

ಅತ್ತೆ ಕಿಟಕಿಯ ಮೇಲಿದ್ದ ಕನ್ನಡಕ ಹಾಕಿಕೊಂಡು ಎಲೆ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗಿಹೋಯಿತು. ತಂಗಿ ನಾರು ಕರಿದು ಬಡಿಸಿದಳೆಂದು ಗೊತ್ತಾದರೆ ಸಂಜೆಯೊಳಗೆ ಊರಿನ ನೆಂಟರ ಮನೆಗಳಿಗೆಲ್ಲ ಸುದ್ದಿ ಮುಟ್ಟುತ್ತಿತ್ತು.

"ಅಚ್ಚಲ್ಲ ಅಕ್ಕ," ಎಂದರು ನಿಧಾನವಾಗಿ. "ನಮ್ಮ ಸೊಸೆ ಕೈಯಲ್ಲೇ ಮಾಡಿದ್ದು. ಒಂದೊಂದು ಗಂಟೂ ಅವಳೇ ಹಾಕಿದ್ದು ಕಣೇ. ಇಷ್ಟು ನಾಜೂಕು ಕೆಲಸ ಮೈಸೂರಲ್ಲಿ ಇನ್ಯಾರಿಗೂ ಬರಲ್ಲ."

"ಸಂಡಿಗೆಗೆ ಗಂಟಾ?"

"ಹೂಂ. ನಿನ್ನ ಸೊಸೆಗೆ ಬರುತ್ತಾ?"

ದೊಡ್ಡಮ್ಮ ನೀರಿನ ಲೋಟಕ್ಕೆ ಕೈ ಹಾಕಿದರು. ಸೋತರೋ, ನಾರು ಹಲ್ಲಿಗೆ ಸಿಕ್ಕಿಕೊಂಡಿತ್ತೋ, ಗೊತ್ತಾಗಲಿಲ್ಲ.

ನಾನು ಅಡುಗೆಮನೆಗೆ ಓಡಿದೆ. ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟು ಕಾಲ ಕಾದ ಮಾತು ಬಂದದ್ದು ಲೇಸು ಹೊಟ್ಟೆ ಸೇರಿದ ಮೇಲೆ! ಅದೂ ಅಕ್ಕನ ಎದುರು ಮಾನ ಉಳಿಸಿಕೊಳ್ಳಲು ಆಡಿದ ಮಾತು. ಅದಕ್ಕೇ ಸಿಟ್ಟು ಬಂತು. ಪ್ರದರ್ಶನದ ಆಸೆ ಬಿಟ್ಟೆ. ಯಾರ ಹೊಟ್ಟೆಯೂ ಕೆಡಲಿಲ್ಲವೆಂಬುದೊಂದೇ ಸಮಾಧಾನ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಬಾಳೆನಾರಿನ ಬಿಲ್ಲೆ ಮಾಡಿ, ಅತ್ತೆಯ ಸಂಡಿಗೆಯಿಂದ ದೂರದ ಮೂಲೆಯಲ್ಲಿ ಹರಡಿ ಕೆಳಗಿಳಿದೆ. ಸ್ವಲ್ಪ ಹೊತ್ತಿಗೆ ಕಾಗೆಗಳ ಗಲಾಟೆ ಕೇಳಿಸಿತು. ಓಡಿ ಹತ್ತಿ ನೋಡಿದರೆ ಅತ್ತೆಯ ಸಂಡಿಗೆಯ ಮೇಲೆ ಕಾಗೆಗಳ ಸಂತರ್ಪಣೆ ನಡೆದಿತ್ತು. ಕಪ್ಪು ಕೊಡೆ ನನ್ನ ಲೇಸಿನ ಪಕ್ಕದಲ್ಲಿ ಬಿಚ್ಚಿಕೊಂಡು ಕೂತಿತ್ತು.