ಅತ್ತೆ ಮಿಶ್ರಿ ಬಿಟ್ಟ ಮೇಲೆ

ಆ ಭಾನುವಾರ ಸಂಜೆ ಅತ್ತೆ ನನ್ನ ಮುಂದೆ ಚಹಾದ ಜೊತೆ ಒಂದು ಲೋಟ ನೀರನ್ನೂ ತಂದಿಟ್ಟು ಎದುರಿಗೇ ಕುಳಿತರು. ಕಪ್ಪು ಖಾಲಿಯಾಗುತ್ತಲೇ ಹೇಳಿದರು.

“ಮುಕ್ಕಳಿಸು.”

“ಇನ್ನೂ ಬಾಯಾಗಿನ ರುಚಿ ಹೋಗಿಲ್ರಿ ಅತ್ತಿ.”

“ರುಚಿ ಹೊಟ್ಯಾಗ ಹೋತು. ಬಣ್ಣ ಹಲ್ಲಿಗಿ ಕೂಡೂದರಾಗ ಮುಕ್ಕಳಿಸು.”

ನನ್ನ ಮಗಳ ಮದುವೆಗೆ ಇನ್ನು ಮೂರು ವಾರವಿತ್ತು. ಮೊಮ್ಮಗಳ ಮದುವೆಯಲ್ಲಿ ಬಾಯಿ ತೆರೆದು ನಗಬೇಕೆಂದು ಅತ್ತೆ ಹಟ ತೊಟ್ಟಿದ್ದರು. ಮರುದಿನ ಬೆಳಗ್ಗೆ ಹಿತ್ತಲಲ್ಲಿ ಹೂ ಬಿಡಿಸುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತುಬಿಟ್ಟರು. ಸಂಗೊಳ್ಳಿಯಿಂದ ಬೈಲಹೊಂಗಲದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಅತ್ತೆ ಮದುವೆಯಾಗಿ ಬಂದಾಗಿನಿಂದ ಮಿಶ್ರಿಯಿಂದ ಹಲ್ಲುಜ್ಜುತ್ತಿದ್ದರು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ ಅದು. ಹಲ್ಲು ಗಟ್ಟಿಯಾಗುತ್ತದೆಂದು ಅವರ ಓರಗೆಯವರೆಲ್ಲ ನಂಬಿದ್ದರು. ಹಲ್ಲು ಮಾತ್ರ ಹಂಚಿನ ಬಣ್ಣಕ್ಕೆ ತಿರುಗಿತ್ತು. ಮೇಲೆ ಎಲೆ-ಅಡಿಕೆ, ದಿನಕ್ಕೆ ಐದು ಸಲ ಕಡಕ್ ಚಹಾ. ನಗು ಬಂದಾಗಲೆಲ್ಲ ಸೆರಗು ಬಾಯಿಗೆ ಹೋಗುತ್ತಿತ್ತು. ಊರವರು ಅದನ್ನು ನಾಚಿಕೆ ಎಂದುಕೊಂಡಿದ್ದರು. ಅತ್ತೆಗೆ ನಾಚಿಕೆ ಎಂಬುದು ಅಷ್ಟಕ್ಕಷ್ಟೇ ಎಂದು ಮನೆಯವರಾದ ನಮಗಷ್ಟೇ ಗೊತ್ತು.

ನಿಶ್ಚಿತಾರ್ಥದ ದಿನ ಮುನವಳ್ಳಿಯ ಬೀಗತಿ ನನ್ನ ಕಿವಿಯಲ್ಲಿ ಕೇಳಿದರು, “ನಿಮ್ಮ ಅತ್ತಿಯವ್ರು ಭಾಳ ಸಿಟ್ಟಿನವರೇನ್ರಿ? ಒಮ್ಮಿನೂ ನಗಲಿಲ್ಲ.” ಅದು ಅತ್ತೆಗೂ ಕೇಳಿಸಿತು. ಮನೆಗೆ ಬಂದವರೇ ಮಿಶ್ರಿ ಡಬ್ಬಿಯನ್ನು ತಿಪ್ಪೆಗೆಸೆದರು. ಅಲ್ಲಿಗೇ ನಿಲ್ಲದೆ ನಾಲ್ಕು ದಿನ ನಿಂಬೆಹಣ್ಣು, ಉಪ್ಪು ಹಚ್ಚಿ ಹಲ್ಲು ತಿಕ್ಕಿದರು. ಐದನೆಯ ದಿನ ತಣ್ಣೀರು ಕುಡಿದರೂ ಹಲ್ಲು ಜುಮ್ಮೆಂದು ಚೀರಿಕೊಂಡರು.

ಬೈಲಹೊಂಗಲದ ಹಲ್ಲಿನ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಯಮ್ಮಾ, ಹಲ್ಲ ಏನ ತಾಮ್ರದ ತಂಬಗಿ ಅನ್ಕೊಂಡಿರೇನ್ರಿ, ಹುಳಿ ಹಚ್ಚಿ ಬೆಳಗಾಕ?” ಎಂದರು. ಹುಳಿಗೆ ಹಲ್ಲಿನ ಮೇಲ್ಪದರ ಸವೆದರೆ ಕಲೆ ಇನ್ನೂ ಬೇಗ ಹಿಡಿಯುತ್ತದೆ ಎಂದು ತಿಳಿಸಿ ಹೇಳಿದರು. ಹಲ್ಲು ಸ್ವಚ್ಛ ಮಾಡಿಕೊಟ್ಟರು. ಮೆತ್ತನೆಯ ಬ್ರಷ್ ಬಳಸಿ, ತಂಬಾಕು ಎಲೆ-ಅಡಿಕೆ ಬಿಡಿ, ಚಹಾ ಕಡಿಮೆ ಮಾಡಿ, ಕುಡಿದ ಮೇಲೆ ಬಾಯಿ ಮುಕ್ಕಳಿಸಿ ಎಂದರು.

ಆವತ್ತಿನಿಂದ ಅತ್ತೆಯೇ ಡಾಕ್ಟರ್. ದೇವಿಯ ದರ್ಶನಕ್ಕೆಂದು ಗುಡ್ಡಕ್ಕೆ ಹೋದಾಗ ಉಗರಗೋಳದ ಚಹಾದಂಗಡಿಯ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿ ಮುಕ್ಕಳಿಸುವಂತೆ ಮಾಡಿದರು. ಅಂಗಡಿಯವನಿಗೆ ಗಾಬರಿ.

“ಚಹಾ ಚೊಲೊ ಆಗಿಲ್ಲೇನ್ರಿ ಯಮ್ಮಾ?”

“ಭಾಳ ಚೊಲೊ ಐತೋ ತಮ್ಮಾ. ಅದಕ್ಕ ಹಲ್ಲ ಬಿಟ್ಟ ಹೋಗವಲ್ದು.”

ಹೇಳಿ ತಾವೇ ನಕ್ಕರು. ಸೆರಗು ಹೆಗಲ ಮೇಲೇ ಇತ್ತು. ಹಲ್ಲು ಬೆಳ್ಳಗೇನೂ ಆಗಿರಲಿಲ್ಲ, ಕೆನೆಗಟ್ಟಿದ ಹಾಲಿನ ಬಣ್ಣಕ್ಕೆ ಬಂದಿದ್ದವು. ಅಷ್ಟಕ್ಕೇ ಆ ಮುಖ ಹತ್ತು ವರ್ಷ ಚಿಕ್ಕದಾಗಿತ್ತು. ನಾನು ಮೊಬೈಲ್ ಎತ್ತಿದೆ. “ತಡಿಯವ್ವಾ, ಇನ್ನೊಮ್ಮಿ ಸ್ವಚ್ಛ ಮಾಡಿಸಿಕೊಂಡ ಮ್ಯಾಲೆ ತಗಿ,” ಎಂದರು. ನಾನೂ ಒತ್ತಾಯ ಮಾಡಲಿಲ್ಲ.

ಅತ್ತೆ ಹೋದದ್ದರಿಂದ ಮದುವೆಯನ್ನು ಮುಂದೆ ಹಾಕಿ ಆಮೇಲೆ ಚಿಕ್ಕದಾಗಿ ಮಾಡಿದೆವು. ಕಟ್ಟು ಹಾಕಿಸಲು ಅತ್ತೆಯ ಒಂದು ಫೋಟೊ ಬೇಕಾಗಿ ನಾನೂ ಬೀಗತಿಯೂ ಮನೆಯ ಆಲ್ಬಮ್ಮುಗಳನ್ನೆಲ್ಲ ಹುಡುಕಿದೆವು. ಬಾಯಿ ಮುಚ್ಚಿಕೊಂಡವು ಬಹಳ ಸಿಕ್ಕವು. ಅತ್ತೆ ನಗುತ್ತಿರುವ ಫೋಟೊ ನಮ್ಮಲ್ಲಿ ಒಂದೂ ಇಲ್ಲ.