ಮೊದಲು ಒಂದು ಚೂರು ತೆಗೆದು ನೋಡಿ

ಮದುವೆಯಾಗಿ ಏಳು ವರ್ಷ, ಪ್ರತಿ ತಿಂಗಳು ಮುಟ್ಟಾದಾಗಲೂ ಬಚ್ಚಲಲ್ಲಿ ಅತ್ತವಳು ನಾನು. ಹಾಗಾಗಿ ಮುಟ್ಟು ನಿಂತು, ಹೊಟ್ಟೆಯೂ ಮುಂದೆ ಬಂದಾಗ ನಮ್ಮತ್ತೆ ಗುಬ್ಬಿಯಲ್ಲಿ ತಮ್ಮ ಬೀದಿಗೆಲ್ಲ ಸುದ್ದಿ ಹಂಚಿಬಿಟ್ಟರು. ಬಸಿರು ನೋಡುವ ಕಿಟ್‌ನಲ್ಲಿ ಒಂದೇ ಗೆರೆ ಬಂದಿದೆ, ಬಸಿರಲ್ಲ ಅಂದರೆ ಕೇಳಬೇಕಲ್ಲ!

"ಆ ಕಡ್ಡಿಗೇನ್ ಗೊತ್ತಾಯ್ತದೆ ಬುಡವ್ವ. ಹೊಟ್ಟೆ ಕಾಣ್ತಾ ಇಲ್ವಾ?" ಎಂದು ಉಪ್ಪಾರಹಳ್ಳಿಯ ನಮ್ಮ ಮನೆಗೇ ಬಂದು ನಿಂತರು, ಸೆರಗಲ್ಲಿ ಹುಣಸೆಕಾಯಿ ಕಟ್ಟಿಕೊಂಡು.

ತುಮಕೂರಿನ ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಮಗುವಲ್ಲ. ಹೊಟ್ಟೆ ತುಂಬ ನೀರು, ಅಂಡಾಶಯದ ಹತ್ತಿರ ಗಂಟು. ಕ್ಯಾನ್ಸರ್‌ಗೆಂದು ಮಾಡುವ ರಕ್ತಪರೀಕ್ಷೆಯ ಅಂಕಿಯೂ ಏರಿತ್ತು. ಗರ್ಭಕೋಶ, ಎರಡೂ ಅಂಡಾಶಯ ತೆಗೆದುಬಿಡೋಣ, ತಡ ಬೇಡ ಎಂದರು ಡಾಕ್ಟರಮ್ಮ. ಅತ್ತೆ ನನ್ನ ಕೈ ಹಿಡಿದು, "ಜೀವ ಇದ್ರೆ ಸಾಕು ಕಣವ್ವ, ತೆಗೆಸ್ಬುಡು" ಎಂದು ಗೊಳೋ ಅಂದರು.

ನನಗೆ ಮೈಯೆಲ್ಲ ಉರಿಯಿತು. ಭಯವೂ ಆಗಿತ್ತು, ಸುಳ್ಳೇಕೆ ಹೇಳಲಿ? ಆದರೆ ಕುಣಿಗಲ್ ಕಡೆ ಹೆಣ್ಣು ನಾನು, ಭಯವಾದರೆ ಜಗಳಕ್ಕೆ ನಿಲ್ಲುತ್ತೇನೆ.

"ಕ್ಯಾನ್ಸರ್ ಅಂತ ಗ್ಯಾರಂಟಿನಾ ಮೇಡಂ?"

"ತೆಗೆದು ಟೆಸ್ಟ್‌ಗೆ ಕಳಿಸಿದ್ಮೇಲೆ ಗ್ಯಾರಂಟಿ ಆಗುತ್ತೆ."

"ಎಲ್ಲಾ ತೆಗೆದ್ಮೇಲೆ ಅಲ್ಲ ಅಂತ ಬಂದ್ರೆ ವಾಪಸ್ ಇಡ್ತೀರಾ? ಮೊದ್ಲು ಒಂದ್ ಚೂರು ತೆಗೆದು ನೋಡಿ. ಹೌದು ಅಂತ ಬಂದ್ರೆ ನಾನೇ ಬಂದು ಮಲಗ್ತೀನಿ."

ಅವರು ಪೆನ್ನು ಕೆಳಗಿಟ್ಟರು. ಸಂಜೆ ಜ್ವರ ಬರುತ್ತಾ, ತೂಕ ಇಳಿದಿದೆಯಾ ಎಂದು ಕೇಳಿದರು. ಎರಡಕ್ಕೂ ಹೌದು ಎಂದೆ.

"ಹೊಟ್ಟೆ ಟಿಬಿನೂ ಹೀಗೇ ಕಾಣ್ಬಹುದು. ಅದ್ರಲ್ಲೂ ಈ ರಕ್ತದ ಟೆಸ್ಟ್ ಏರುತ್ತೆ. ಆಯ್ತು, ಸಣ್ಣ ತೂತು ಮಾಡಿ ಚೂರು ತೆಗೆಯೋಣ" ಎಂದರು. ಕೇಳಿಸಿಕೊಂಡರಲ್ಲ, ಅದಕ್ಕೆ ಅವರಿಗೊಂದು ನಮಸ್ಕಾರ.

ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಬಂದದ್ದು ಟಿಬಿ. ಆಪರೇಷನ್ ಮಾತು ಅಲ್ಲಿಗೇ ನಿಂತು ಮಾತ್ರೆ ಶುರುವಾಯಿತು. ನುಂಗಿ ವಾಕರಿಸಿದೆ, ಮಾತ್ರೆ ಕಂಡುಹಿಡಿದವರನ್ನೆಲ್ಲ ಬೈದೆ, ಆದರೆ ಒಂದು ದಿನವೂ ಬಿಡಲಿಲ್ಲ. ಹೊಟ್ಟೆ ಇಳಿಯಿತು. ಮಕ್ಕಳ ವಿಷಯ ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರಮ್ಮ.

ಒಂದು ಬೆಳಿಗ್ಗೆ ಬಚ್ಚಲಿನಿಂದಲೇ ಕೂಗಿದೆ: "ಅತ್ತೇ, ನಾನ್ ಮುಟ್ಟಾದೆ!"

"ಬಂತಾ? ಬರ್ಲಿ ಬುಡವ್ವ, ಬರ್ಲಿ!" ಎನ್ನುತ್ತಾ ಅವರು ಕೈಯಲ್ಲಿದ್ದ ಸೌಟಿನ ಸಮೇತ ಓಡಿ ಬಂದರು. ಏಳು ವರ್ಷದಲ್ಲಿ ಆ ಸುದ್ದಿಗೆ ನಾವಿಬ್ಬರೂ ನಕ್ಕದ್ದು ಅದೇ ಮೊದಲು.